ಇಂಟರ್ನೆಟ್‌ನ ಹಳೇ ಪ್ರೋಟೋಕಾಲ್‌ಗಳು: ಯಾವುದನ್ನು ಮೊದಲು ಕಲಿಯಬೇಕು?

ಈ ಪ್ರಶ್ನೆ ಕೇಳುವವರಲ್ಲಿ ಮೂರು ಥರದವರಿದ್ದಾರೆ. ಮೊದಲನೆಯವರು ಕಂಪ್ಯೂಟರ್ ಸೈನ್ಸ್ ಓದುತ್ತಿರುವವರು. ಸೆಮಿನಾರ್‌ಗೋ ಮಿನಿ ಪ್ರಾಜೆಕ್ಟ್‌ಗೋ ಒಂದು ವಿಷಯ ಬೇಕು, ಡೇಟಾ ತಪ್ಪದೆ ತಲುಪಿಸುವ ಟಿಸಿಪಿ ತೆಗೆದುಕೊಳ್ಳಲಾ ಮೇಲ್ ಸಾಗಿಸುವ ಎಸ್‌ಎಂಟಿಪಿ ತೆಗೆದುಕೊಳ್ಳಲಾ ಅಂತ ಒದ್ದಾಡುತ್ತಿರುತ್ತಾರೆ. ಎರಡನೆಯವರು ಕೆಲಸದಲ್ಲಿರುವವರು. ದಿನಾ ಸರ್ವರ್, ಎಪಿಐ ಅಂತ ಏಗುತ್ತಾರೆ, ಆದರೆ ಇದೆಲ್ಲ ಹೀಗೇ ಯಾಕಿದೆ ಅನ್ನುವ ಕುತೂಹಲ ಹೋಗಿಲ್ಲ. ಮೂರನೆಯವರಿಗೆ ಸುಮ್ನೆ ಇತಿಹಾಸ ಇಷ್ಟ, ಕೋಡ್ ಬರೆಯುವ ಗೊಡವೆಯೇ ಬೇಡ. ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರಿಗಾದರೂ ಮೋಸವಾಗುತ್ತದೆ.

ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಟರ್ನೆಟ್‌ನ ತಳಪಾಯವಾದ ಟಿಸಿಪಿ/ಐಪಿಯಿಂದಲೇ ಶುರು ಮಾಡಬೇಕು ಅನ್ನುವುದು ಪಠ್ಯಪುಸ್ತಕದ ಅಭ್ಯಾಸ, ನನಗದು ಒಪ್ಪಿಗೆಯಿಲ್ಲ. ಪ್ರೋಟೋಕಾಲ್ ಅಂದರೆ ಎರಡು ಯಂತ್ರಗಳು ಹೇಗೆ ಮಾತಾಡಬೇಕು ಅನ್ನುವ ಕರಾರು. ಒಂದು ಯಂತ್ರದ ಜಾಗದಲ್ಲಿ ನೀವೇ ಕೂತು, ಕೈಯಾರೆ ಟೈಪ್ ಮಾಡಿ, ಆ ಕಡೆಯಿಂದ ಉತ್ತರ ಬರಿಸಿಕೊಳ್ಳುವ ಹಾಗಿದ್ದರೆ ಅಲ್ಲಿಂದ ಶುರು ಮಾಡಿ. ಅದರಲ್ಲಿ ಕಣ್ಣಿಗೆ ಕಾಣುವ ಒಂದು ಎಡವಟ್ಟು ಇದ್ದರಂತೂ ಇನ್ನೂ ಒಳ್ಳೆಯದು. ಆ ಎಡವಟ್ಟು ಯಾಕಾಯಿತು ಅಂತ ಹುಡುಕಿಕೊಂಡು ಹೋದರೆ ಆ ಕಾಲದ ಕಂಪ್ಯೂಟರ್, ಆ ಕಾಲದ ಜನ, ಅವರು ಏನನ್ನು ನಂಬಿದ್ದರು, ಎಲ್ಲವೂ ಸಿಗುತ್ತದೆ.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು ಈಗ ಹೇಳಿದ್ದೇ: ಕೈಯಲ್ಲಿ ಟೈಪ್ ಮಾಡಿ ಮಾತಾಡಿಸಲು ಬರುತ್ತದಾ? ಹಳೇ ಪ್ರೋಟೋಕಾಲ್‌ಗಳಲ್ಲಿ ಬಹಳಷ್ಟು ಬರೀ ಅಕ್ಷರಗಳಲ್ಲಿ ಮಾತಾಡುತ್ತವೆ, ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ನೆಟ್‌ಕ್ಯಾಟ್ ಅನ್ನುವ ಪುಟ್ಟ ಪ್ರೋಗ್ರಾಮ್ ಇದ್ದರೆ ಸಾಕು. ಕೆಲವು ಬಿಟ್ ಬಿಟ್ ಆಗಿ ಮಾತಾಡುತ್ತವೆ, ಅವುಗಳಿಗೆ ಕೋಡ್ ಬರೆಯಲೇಬೇಕು.

ಎರಡನೆಯದು ದಾಖಲೆ ಎಷ್ಟು ಉದ್ದ ಅನ್ನುವುದು. ಇಂಟರ್ನೆಟ್‌ನ ನಿಯಮಗಳೆಲ್ಲ ಆರ್‌ಎಫ್‌ಸಿ ಅನ್ನುವ ಟಿಪ್ಪಣಿಗಳಲ್ಲಿವೆ. ಮೊದಲನೆಯದನ್ನು 1969ರ ಏಪ್ರಿಲ್ 7ರಂದು ಬರೆದವರು ಕ್ಯಾಲಿಫೋರ್ನಿಯಾದ ಯುಸಿಎಲ್‌ಎಯಲ್ಲಿ ಆಗ ವಿದ್ಯಾರ್ಥಿಯಾಗಿದ್ದ ಸ್ಟೀವ್ ಕ್ರಾಕರ್. ಎಲ್ಲವೂ ಬಿಟ್ಟಿ, ಎಲ್ಲವೂ ಸಿಗುತ್ತವೆ. ತಲುಪಿತಾ ಅಂತ ನೋಡದೆ ಕಳಿಸಿಬಿಡುವ ಯುಡಿಪಿಯ ದಾಖಲೆ 3 ಪುಟ, ಟಿಸಿಪಿಯ 1981ರ ದಾಖಲೆ 85 ಪುಟ. ಈ ವ್ಯತ್ಯಾಸವನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ವಿಷಯ ಆರಿಸಿಕೊಂಡವರು ಪರೀಕ್ಷೆ ಹತ್ತಿರ ಬಂದಾಗ ಬೈದುಕೊಳ್ಳುತ್ತಾರೆ.

ಮೂರನೆಯದು, ಅದು ಇವತ್ತಿಗೂ ಬದುಕಿದೆಯಾ? ಸತ್ತ ಪ್ರೋಟೋಕಾಲ್ ಕಲಿಯುವುದರಲ್ಲಿ ತಪ್ಪೇನಿಲ್ಲ. ಆದರೆ ಕೆಲಸದ ಸಂದರ್ಶನದಲ್ಲಿ ಹೇಳಿಕೊಳ್ಳಬೇಕು ಅಂತಿದ್ದರೆ ಬದುಕಿರುವುದನ್ನು ಹಿಡಿಯುವುದು ಜಾಣತನ.

ಖರ್ಚಿನ ಮಾತು ಕೊನೆಗೆ. ಲಿನಕ್ಸ್ ಇರುವ ಯಾವ ಹಳೇ ಲ್ಯಾಪ್‌ಟಾಪ್ ಆದರೂ ಸಾಕು. ವಿಂಡೋಸ್ ಇದ್ದರೆ ಅದರೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ ಹಾಕಿಕೊಳ್ಳಿ. ಅದೂ ಇಲ್ಲ ಅನ್ನುವವರಿಗೆ ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಅನ್ನುವ ಟರ್ಮಿನಲ್ ಆ್ಯಪ್ ಇದೆ, ಇಲ್ಲಿ ಹೇಳುವ ಅರ್ಧಕ್ಕಿಂತ ಜಾಸ್ತಿ ಪ್ರಯೋಗಗಳು ಅದರಲ್ಲೇ ಆಗುತ್ತವೆ. ದುಡ್ಡು ಬೇಕಾಗುವುದು ಒಂದೇ ಒಂದು ಕಡೆ, ಅಲ್ಲಿ ಬಂದಾಗ ಹೇಳುತ್ತೇನೆ.

ಟೆಲ್ನೆಟ್ ಮತ್ತು ಅದರ ಚಿಲ್ಟು-ಪಲ್ಟು ಸಂಗಾತಿಗಳು

ಒಂದು ಸಂಜೆ ಮಾತ್ರ ಬಿಡುವಿದೆ ಅನ್ನುವವರು ದೂರದ ಕಂಪ್ಯೂಟರ್‌ಗೆ ಲಾಗಿನ್ ಆಗಲು ಮಾಡಿದ ಟೆಲ್ನೆಟ್‌ಗಿಂತಲೂ ಚಿಕ್ಕವನ್ನು ನೋಡಿ. ಎಕೋ ಅಂತ ಒಂದಿದೆ, ಪೋರ್ಟ್ 7. ಪೋರ್ಟ್ ಅಂದರೆ ಒಂದು ಯಂತ್ರದಲ್ಲಿ ಯಾವ ಸೇವೆ ಬೇಕು ಅಂತ ಹೇಳುವ ಸಂಖ್ಯೆ. ನೀವು ಏನು ಕಳಿಸುತ್ತೀರೋ ಅದನ್ನೇ ವಾಪಸ್ ಕಳಿಸುತ್ತದೆ. ಡೇಟೈಮ್, ಪೋರ್ಟ್ 13, ಹೊತ್ತೆಷ್ಟು ಅಂತ ಹೇಳಿ ಸಂಪರ್ಕ ಕಡಿದುಕೊಳ್ಳುತ್ತದೆ. ಪೋರ್ಟ್ 19ರ ಕ್ಯಾರ್‌ಜೆನ್ ಸುಮ್ಮನೆ ಅಕ್ಷರಗಳನ್ನು ಸುರಿಯುತ್ತಲೇ ಇರುತ್ತದೆ. ಮೂರಕ್ಕೂ 1983ರ ಮೇ ತಿಂಗಳಲ್ಲಿ ಪುಟ್ಟ ಪುಟ್ಟ ದಾಖಲೆಗಳು ಬಂದವು, ಎಕೋದ್ದು ಒಂದೇ ಪುಟ. ಪೈಥಾನ್‌ನಲ್ಲಿ ಒಂದು ಪರದೆಯಷ್ಟು ಕೋಡ್ ಬರೆದರೆ ನಿಮ್ಮದೇ ಸರ್ವರ್ ತಯಾರು.

ಇಷ್ಟು ಸಾಧು ಕಾಣುವ ಇವುಗಳಲ್ಲೂ ಒಂದು ಕಿತಾಪತಿ ಇದೆ. ಕಳಿಸಿದವರು ಯಾರು ಅನ್ನುವ ವಿಳಾಸವನ್ನು ಸುಳ್ಳು ಬರೆದು, ಒಂದು ಯಂತ್ರದ ಕ್ಯಾರ್‌ಜೆನ್‌ಗೆ ಇನ್ನೊಂದು ಯಂತ್ರದ ಎಕೋ ಪೋರ್ಟಿನ ಹೆಸರಲ್ಲಿ ಒಂದು ಯುಡಿಪಿ ಪ್ಯಾಕೆಟ್ (ಡೇಟಾದ ಪುಟ್ಟ ಕಟ್ಟು) ಕಳಿಸಿದರೆ ಸಾಕು, ಎರಡೂ ಪರಸ್ಪರ ಹರಟುತ್ತಾ ನೆಟ್‌ವರ್ಕ್ ಕಟ್ಟಿಹಾಕುತ್ತವೆ. ಅದಕ್ಕೇ ಈಗ ಎಲ್ಲ ಕಡೆ ಇವನ್ನು ಮುಚ್ಚಿಟ್ಟಿದ್ದಾರೆ.

ಟೆಲ್ನೆಟ್ ಇವುಗಳಿಗಿಂತ ಹಳೆಯದು, ಅದರ ಬೇರು 1969ರಲ್ಲೇ ಇದೆ. ಆಗ ಒಂದೊಂದು ಕಂಪ್ಯೂಟರ್‌ನ ಟರ್ಮಿನಲ್ ಒಂದೊಂದು ಥರ. ಪ್ರತಿ ಟರ್ಮಿನಲ್‌ಗೂ ಪ್ರತಿ ಯಂತ್ರಕ್ಕೂ ಹೊಂದಿಸಲು ಹೋದರೆ ಮುಗಿಯದ ಕೆಲಸ. ಹಾಗಾಗಿ ಎಲ್ಲಿಯೂ ಇಲ್ಲದ ಒಂದು ಕಾಲ್ಪನಿಕ ಟರ್ಮಿನಲ್ ಮಾಡಿ, ಎಲ್ಲರೂ ಅದಕ್ಕೆ ಹೊಂದಿಕೊಳ್ಳಿ ಅಂದರು. ಅದಕ್ಕಿಂತ ಜಾಸ್ತಿ ಬೇಕಾದವರು ‘ನಾನಿದು ಮಾಡಲಾ’, ‘ನೀನಿದು ಮಾಡು’, ‘ಬೇಡ’ ಅಂತ ಮಾತಾಡಿಕೊಂಡು ಒಪ್ಪಂದಕ್ಕೆ ಬರಬಹುದು. ಈ ಚೌಕಾಸಿಯ ಯೋಚನೆ ಆಮೇಲೆ ಬಂದ ಎಷ್ಟೋ ಪ್ರೋಟೋಕಾಲ್‌ಗಳಲ್ಲಿದೆ. 1983ರ ದಾಖಲೆ 15 ಪುಟ, ಒಂದೇ ಕೂರಿಕೆಯಲ್ಲಿ ಓದಬಹುದು.

ಆದರೆ ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ಬಟ್ಟಂಬಯಲಲ್ಲಿ ಹೋಗುತ್ತದೆ. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಪಾಸ್‌ವರ್ಡ್ ಕದ್ದು ಕೇಳುತ್ತಿದ್ದುದು ಪತ್ತೆಯಾದ ಮೇಲೆ, 1995ರಲ್ಲಿ ತತು ಯ್ಲೋನೆನ್, ಎಲ್ಲವನ್ನೂ ಗುಪ್ತಲಿಪಿಯಲ್ಲಿ ಕಳಿಸುವ ಎಸ್‌ಎಸ್‌ಎಚ್ ಬರೆದರು. ಫೈಲ್ ಸಾಗಿಸುವ ಎಫ್‌ಟಿಪಿಯ 21ಕ್ಕೂ ಟೆಲ್ನೆಟ್‌ನ 23ಕ್ಕೂ ನಡುವೆ ಖಾಲಿ ಇದ್ದ 22 ಕೊಡಿ ಅಂತ ಮೇಲ್ ಹಾಕಿ ಕೇಳಿದರು, ಸಿಕ್ಕಿಯೂ ಬಿಟ್ಟಿತು. ಅಷ್ಟು ಸಲೀಸು!

ಅಂದಹಾಗೆ ವಿಂಡೋಸ್‌ನಲ್ಲಿ ಟೆಲ್ನೆಟ್ ಕ್ಲೈಂಟ್ ಮೊದಲಿಂದ ಆನ್ ಇರುವುದಿಲ್ಲ, ಸೆಟ್ಟಿಂಗ್‌ನಲ್ಲಿ ಹೋಗಿ ಹಾಕಿಕೊಳ್ಳಬೇಕು.

ಎಫ್‌ಟಿಪಿ: ಇತಿಹಾಸದವರಿಗೆ ಹಬ್ಬ

ಕೋಡ್ ಬೇಡ, ಕತೆ ಬೇಕು ಅನ್ನುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಎಫ್‌ಟಿಪಿ. ಇದರ ಮೊದಲ ದಾಖಲೆ ಆರ್‌ಎಫ್‌ಸಿ 114, 1971ರ ಏಪ್ರಿಲ್‌ನದು. ಬರೆದವರು ಅಭಯ್ ಭೂಷಣ್. ಕಾನ್ಪುರ ಐಐಟಿಯ ಮೊದಲ ಬ್ಯಾಚಿನವರು, ಆಗ ಎಂಐಟಿಯಲ್ಲಿದ್ದರು. ಟಿಸಿಪಿ ಇನ್ನೂ ಹುಟ್ಟಿರಲಿಲ್ಲ ಅನ್ನುವುದನ್ನು ಗಮನಿಸಿ. ಇಂಟರ್ನೆಟ್‌ಗೂ ಮೊದಲಿದ್ದ ನೆಟ್‌ವರ್ಕ್ ಅರ್ಪಾನೆಟ್ ಆಗ ಎನ್‌ಸಿಪಿ ಅನ್ನುವ ಬೇರೆಯೇ ಪ್ರೋಟೋಕಾಲ್ ಮೇಲೆ ಓಡುವ ಕಡೆಗೆ ಹೊರಟಿತ್ತು.

ಈ ಎನ್‌ಸಿಪಿಯ ಒಂದು ಗುಣ ಗೊತ್ತಿದ್ದರೆ ಇವತ್ತಿನ ಒಂದು ಒಗಟು ಬಿಡಿಸಿಕೊಳ್ಳುತ್ತದೆ. ಅದರ ಸಂಪರ್ಕ ಒಮ್ಮುಖ. ಹೋಗಲು ಒಂದು, ಬರಲು ಒಂದು, ಹೀಗೆ ಎರಡು ಬೇಕು, ಒಂದಕ್ಕೆ ಸಮ ಸಂಖ್ಯೆ ಇನ್ನೊಂದಕ್ಕೆ ಬೆಸ ಸಂಖ್ಯೆ. ಟಿಸಿಪಿಗೆ ಬಂದ ಮೇಲೆ ಒಂದೇ ಸಂಪರ್ಕದಲ್ಲಿ ಎರಡೂ ಕಡೆ ಮಾತಾಡಬಹುದಾಯಿತು, ಜೋಡಿಯಲ್ಲಿ ಒಂದು ಸಂಖ್ಯೆ ಸುಮ್ನೆ ಉಳಿಯಿತು. ಹಳೇ ಪೋರ್ಟ್‌ಗಳನ್ನು ಒಮ್ಮೆ ಸಾಲಾಗಿ ನೋಡಿ: 7, 13, 19, 21, 23, 25, 79. ಎಲ್ಲ ಬೆಸ. ಎಸ್‌ಎಸ್‌ಎಚ್‌ಗೆ 22 ಖಾಲಿ ಸಿಕ್ಕಿದ್ದೂ ಹೀಗೇ.

ಎಫ್‌ಟಿಪಿಯ ದೊಡ್ಡ ಎಡವಟ್ಟು ಎರಡು ಸಂಪರ್ಕಗಳದ್ದು. ಆಜ್ಞೆಗಳಿಗೆ ಒಂದು, ಫೈಲಿಗೆ ಇನ್ನೊಂದು. ಫೈಲಿನ ಸಂಪರ್ಕವನ್ನು ಸರ್ವರ್ರೇ ವಾಪಸ್ ನಿಮ್ಮ ಕಂಪ್ಯೂಟರ್‌ಗೆ ಮಾಡುತ್ತದೆ. ನಿಮ್ಮ ವಿಳಾಸ ಅದಕ್ಕೆ ಹೇಗೆ ಗೊತ್ತು? ನೀವೇ ಹೇಳಬೇಕು, ‘ಪೋರ್ಟ್ 192,168,1,5,19,137’ ಅಂತ. ಮೊದಲ ನಾಲ್ಕು ಐಪಿ ವಿಳಾಸ. ಕೊನೆಯ ಎರಡರಲ್ಲಿ 19ನ್ನು 256ರಿಂದ ಗುಣಿಸಿ 137 ಕೂಡಿದರೆ 5001, ಅದು ಪೋರ್ಟ್. ಪ್ರತಿ ಯಂತ್ರಕ್ಕೂ ನೇರ ವಿಳಾಸ ಇದ್ದ ಕಾಲಕ್ಕೆ ಇದು ಸರಿಯಾಗೇ ಇತ್ತು. ಇದರಿಂದ ಒಂದು ಲಾಭವೂ ಇತ್ತು: ಮನೆಯಲ್ಲಿ ಕೂತು ಎರಡು ಬೇರೆ ಸರ್ವರ್‌ಗಳಿಗೆ ಒಂದರಿಂದ ಒಂದಕ್ಕೆ ಫೈಲ್ ಸಾಗಿಸಿಕೊಳ್ಳಿ ಅಂತ ಹೇಳಬಹುದಿತ್ತು, ಫೈಲ್ ನಿಮ್ಮ ನಿಧಾನದ ಲೈನಿನ ಮೇಲೆ ಬರುತ್ತಲೇ ಇರಲಿಲ್ಲ. ಆಮೇಲೆ ಮನೆ ಮನೆಗೆ ರೂಟರ್ ಬಂತು, ಒಂದು ವಿಳಾಸದ ಹಿಂದೆ ಹತ್ತು ಸಾಧನ ಕೂತವು, ಸರ್ವರ್ ಹೊರಗಿನಿಂದ ಬಾಗಿಲು ತಟ್ಟಿದರೆ ಫೈರ್‌ವಾಲ್ ಬಿಡುವುದಿಲ್ಲ. ಫೈಲಿನ ಸಂಪರ್ಕವನ್ನೂ ನೀವೇ ಸರ್ವರ್‌ಗೆ ಮಾಡುವ ಪ್ಯಾಸಿವ್ ಮೋಡ್ ಬೇಕೇಬೇಕು ಅನ್ನುವ ಸ್ಥಿತಿ ಬಂದದ್ದು ಹೀಗೆ. ಬೇರೆ ಸರ್ವರ್‌ಗೆ ಕಳಿಸು ಅನ್ನುವ ಆ ಸೌಲಭ್ಯವನ್ನೇ ಬಳಸಿ ಇನ್ನೊಬ್ಬರ ನೆಟ್‌ವರ್ಕ್ ತಡಕಾಡುವ ದಾಳಿಯೂ ಹುಟ್ಟಿತು.

ಮೂರಂಕಿಯ ಉತ್ತರಗಳನ್ನೂ ಇಲ್ಲೇ ನೋಡಬೇಕು. 2ರಿಂದ ಶುರುವಾದರೆ ಆಯಿತು, 4 ಅಂದರೆ ಈಗ ಆಗಲಿಲ್ಲ ಆಮೇಲೆ ಬಾ, 5 ಅಂದರೆ ಆಗುವುದೇ ಇಲ್ಲ. ಎಸ್‌ಎಂಟಿಪಿಯಲ್ಲೂ ಇದೇ ಲೆಕ್ಕ. ವೆಬ್‌ನ 404 ಕೂಡ ಇದೇ ವಂಶದ್ದು, ಆದರೆ ಅಲ್ಲಿ 4ರ ಅರ್ಥ ಬದಲಾಗಿ ತಪ್ಪು ಕೇಳಿದವರದ್ದು ಅಂತಾಯಿತು. ಮೇಲ್ ಸರ್ವರ್‌ನ ಲಾಗ್ ಓದುವಾಗ ವೆಬ್‌ನವರು ಎಡವುವುದು ಸರಿಯಾಗಿ ಇಲ್ಲೇ.

ತೊಂದರೆ ಏನೆಂದರೆ 1985ರ ದಾಖಲೆ 69 ಪುಟ ಇದೆ, ಅದರಲ್ಲಿ ಯಾವತ್ತೋ ಕಣ್ಮರೆಯಾದ ಯಂತ್ರಗಳ ಫೈಲ್ ರಚನೆಗಳ ವಿವರ ಬೇಕಾದಷ್ಟಿದೆ. ಕೈಯಲ್ಲಿ ಟೈಪ್ ಮಾಡಲು ಎರಡು ಟರ್ಮಿನಲ್ ತೆರೆದುಕೊಳ್ಳಬೇಕು. ಬದುಕಿದೆಯಾ ಅಂದರೆ ಏದುಸಿರು ಬಿಡುತ್ತಿದೆ, ಕ್ರೋಮ್, ಫೈರ್‌ಫಾಕ್ಸ್ ಎರಡೂ 2021ರಲ್ಲಿ ಬೆಂಬಲ ಕಿತ್ತುಹಾಕಿದವು. ಹೊಸ ಕೆಲಸಕ್ಕೆ ಇದನ್ನು ಬಳಸಬೇಡಿ. ಓದಲು ಮಾತ್ರ ಇದರಷ್ಟು ಸೊಗಸು ಬೇರೆಯಿಲ್ಲ.

ಎಸ್‌ಎಂಟಿಪಿ: ಕೆಲಸದಲ್ಲಿರುವವರ ಆಯ್ಕೆ

ಮೊದಲು ಮೇಲ್‌ಗೆ ಬೇರೆ ಪ್ರೋಟೋಕಾಲ್ಲೇ ಇರಲಿಲ್ಲ. 1971ರಲ್ಲಿ ಬಿಬಿಎನ್ ಕಂಪನಿಯ ರೇ ಟಾಮ್ಲಿನ್ಸನ್ ಒಂದೇ ಯಂತ್ರದೊಳಗೆ ಓಲೆ ಬಿಡುವ ಪ್ರೋಗ್ರಾಮನ್ನೂ ಯಂತ್ರದಿಂದ ಯಂತ್ರಕ್ಕೆ ಫೈಲ್ ಸಾಗಿಸುವ ಪ್ರೋಗ್ರಾಮನ್ನೂ ಸೇರಿಸಿ, ಹೆಸರಿಗೂ ಯಂತ್ರಕ್ಕೂ ನಡುವೆ @ ಹಾಕಿದರು. ಆಮೇಲೆ ಕೆಲವು ವರ್ಷ ಮೇಲ್ ಅನ್ನುವುದು ಎಫ್‌ಟಿಪಿಯ ಒಂದೆರಡು ಆಜ್ಞೆ ಅಷ್ಟೇ. ಜಾನ್ ಪೋಸ್ಟೆಲ್ ಎಸ್‌ಎಂಟಿಪಿಯನ್ನು ಆರ್‌ಎಫ್‌ಸಿ 821 ಆಗಿ ಹೊರತಂದದ್ದು 1982ರ ಆಗಸ್ಟ್‌ನಲ್ಲಿ.

ಕೈಯಲ್ಲಿ ಮಾತಾಡಿಸಲು ಇದರಷ್ಟು ಮಜಾ ಬೇರೆ ಯಾವುದರಲ್ಲೂ ಇಲ್ಲ. ಒಂದೇ ಎಲ್ ಇರುವ ‘ಹೆಲೋ’ ಅಂತ ಶುರು ಮಾಡಿ, ‘ಮೇಲ್ ಫ್ರಮ್’ ಅಂದು ಕಳಿಸುವವರ ವಿಳಾಸ ಕೊಟ್ಟು, ‘ಆರ್‌ಸಿಪಿಟಿ ಟು’ ಅಂದು ಪಡೆಯುವವರದ್ದು ಕೊಟ್ಟು, ‘ಡೇಟಾ’ ಅಂದರೆ ಮುಂದೆ ಬರೆದದ್ದೆಲ್ಲ ಮೇಲ್. ಮುಗಿಯಿತು ಅಂತ ಹೇಳಲು ಒಂದು ಸಾಲಿನಲ್ಲಿ ಬರೀ ಒಂದು ಚುಕ್ಕಿ. ಹಾಗಾದರೆ ಮೇಲ್‌ನಲ್ಲೇ ಒಂದು ಸಾಲು ಚುಕ್ಕಿ ಮಾತ್ರ ಇದ್ದರೆ? ಚುಕ್ಕಿಯಿಂದ ಶುರುವಾಗುವ ಪ್ರತಿ ಸಾಲಿಗೂ ಕಳಿಸುವವರು ಇನ್ನೊಂದು ಚುಕ್ಕಿ ಸೇರಿಸಬೇಕು, ಪಡೆಯುವವರು ತೆಗೆಯಬೇಕು. ಇದನ್ನು ಮರೆತ ಕೋಡ್ ಬರೆದರೆ ಯಾವತ್ತೋ ಒಂದು ದಿನ ಯಾರದ್ದೋ ಮೇಲ್ ಅರ್ಧಕ್ಕೆ ಕತ್ತರಿಸಿಹೋಗುತ್ತದೆ.

ಎಡವಟ್ಟು ಎಲ್ಲಿ ಅಂತ ಈಗಾಗಲೇ ಕಂಡಿರಬೇಕು ಅಲ್ವಾ? ‘ಮೇಲ್ ಫ್ರಮ್’ ಅಂದಾಗ ಯಾರ ವಿಳಾಸ ಬೇಕಾದರೂ ಕೊಡಬಹುದು, ಪ್ರೋಟೋಕಾಲ್ ಅದನ್ನು ಪರೀಕ್ಷಿಸುವುದಿಲ್ಲ. ಇದರ ಮೇಲೆ ಇನ್ನೊಂದು ತೊಡಕು: ಅಂಚೆಯ ಲಕೋಟೆಯ ಮೇಲಿನ ಹೆಸರು ಬೇರೆ, ಒಳಗಿನ ಕಾಗದದಲ್ಲಿ ಬರೆದ ಹೆಸರು ಬೇರೆ ಇರಬಹುದಲ್ಲ, ಇಲ್ಲೂ ಹಾಗೇ. ನಿಮ್ಮ ಇನ್‌ಬಾಕ್ಸ್‌ನಲ್ಲಿ ಕಾಣುವ ಹೆಸರು ಒಳಗಿನ ಕಾಗದದ್ದು. 1981ರ ಆಗಸ್ಟ್‌ನಲ್ಲಿ ಇಡೀ ನೆಟ್‌ವರ್ಕ್‌ನಲ್ಲಿದ್ದದ್ದು 213 ಹೋಸ್ಟ್, ಅಂದರೆ ಕಂಪ್ಯೂಟರ್. ಹೆಚ್ಚುಕಡಿಮೆ ಎಲ್ಲರಿಗೂ ಎಲ್ಲರ ಗುರುತಿತ್ತು, ಯಾರು ಯಾರ ಮೇಲೆ ಅನುಮಾನ ಪಡಬೇಕಿತ್ತು? ಹಾಗಂತ ಅವರಿಗೆ ಏನೂ ಸುಳಿವಿರಲಿಲ್ಲ ಅಂತಲೂ ಅಲ್ಲ. 1978ರ ಮೇ ತಿಂಗಳಲ್ಲೇ ಡಿಇಸಿ ಕಂಪನಿಯ ಗ್ಯಾರಿ ಥರ್ಕ್ ನೂರಾರು ಜನಕ್ಕೆ ಜಾಹೀರಾತಿನ ಮೇಲ್ ಕಳಿಸಿ ಬೈಸಿಕೊಂಡಿದ್ದರು. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅಂತ ಇವತ್ತು ಡೊಮೈನ್‌ಗೆ ಸೇರಿಸುತ್ತೀರಲ್ಲ, ಅವೆಲ್ಲ ಈ ಒಂದು ರಂಧ್ರಕ್ಕೆ ಮೂರು ಕಾಲದಲ್ಲಿ ಹಾಕಿದ ತೇಪೆ.

ಕನ್ನಡದಲ್ಲಿ ಮೇಲ್ ಬರೆಯುವವರಿಗೆ ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. 821 ಬರೆದಾಗ ಸಾಗಿಸಬಹುದಾಗಿದ್ದು 7 ಬಿಟ್‌ನ ಆಸ್ಕಿ ಮಾತ್ರ, ಅಂದರೆ ಇಂಗ್ಲಿಷ್ ಅಕ್ಷರಗಳು. 1992ರಲ್ಲಿ ಮೈಮ್ ಬಂದ ಮೇಲೂ ಹಾದಿ ಅಗಲವಾಗಲಿಲ್ಲ, ಬೇರೆ ಅಕ್ಷರಗಳನ್ನು ಆಸ್ಕಿಯ ವೇಷ ಹಾಕಿ ಕಳಿಸುವ ಉಪಾಯ ಸಿಕ್ಕಿತು. ಎಲ್ಲ ಭಾಷೆಯ ಅಕ್ಷರಗಳನ್ನು ಬೈಟ್ ಆಗಿಸುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್, ಅದು ಆಸ್ಕಿಯ ವೇಷ ಹಾಕುವ ಬೇಸ್64ರಲ್ಲಿ 4 ಆಸ್ಕಿ ಅಕ್ಷರ. ‘ಕ’ ಅನ್ನುವುದು ‘4ಎಲ್‌ಕೆವಿ’ ಆಗಿ ಪ್ರಯಾಣ ಮಾಡುತ್ತದೆ. ಕನ್ನಡದಲ್ಲಿ ವಿಷಯದ ಸಾಲು ಬರೆದ ಮೇಲ್ ಒಂದರ ಮೂಲ ಪಠ್ಯ ತೆರೆದು ನೋಡಿ, 4ಎಲ್ ಅನ್ನುವುದು ಸಾಲುಗಟ್ಟಿ ಕಾಣುತ್ತದೆ. ವಿಳಾಸವೇ ಕನ್ನಡದಲ್ಲಿರಬಹುದು ಅನ್ನುವ ನಿಯಮ ಬರಲು 2012 ಆಗಬೇಕಾಯಿತು.

ಪ್ರಯೋಗ ಮಾಡುವವರಿಗೆ ಎರಡು ಮಾತು. ಮನೆಯ ಬ್ರಾಡ್‌ಬ್ಯಾಂಡ್‌ನಿಂದ ಹೊರಗಿನ ಪೋರ್ಟ್ 25 ಬಹಳ ಕಡೆ ಮುಚ್ಚಿರುತ್ತದೆ, ಸ್ಪ್ಯಾಮ್ ಭಯಕ್ಕೆ. ಹಾಗಾಗಿ ನಿಮ್ಮದೇ ಯಂತ್ರದಲ್ಲಿ ಒಂದು ಆಟದ ಸರ್ವರ್ ಓಡಿಸಿಕೊಳ್ಳಿ. ಪೈಥಾನ್‌ನ ಹಳೇ ಎಸ್‌ಎಂಟಿಪಿಡಿ ಮಾಡ್ಯೂಲನ್ನು 3.12ರಲ್ಲಿ ತೆಗೆದುಹಾಕಿದ್ದಾರೆ, ಹಳೇ ಪಾಠಗಳನ್ನು ನೋಡಿ ತಲೆ ಕೆಡಿಸಿಕೊಳ್ಳಬೇಡಿ, ಎಐಒಎಸ್‌ಎಂಟಿಪಿಡಿ ಅಂತ ಇದೆ, ಅದನ್ನು ಹಾಕಿಕೊಳ್ಳಿ. ಇನ್ನೊಬ್ಬರ ಸರ್ವರ್ ಮೇಲೆ, ಇನ್ನೊಬ್ಬರ ಹೆಸರಲ್ಲಿ ಆಟ ಬೇಡ.

ಗೋಫರ್ ಅಥವಾ ಮೊಟ್ಟಮೊದಲ ಎಚ್‌ಟಿಟಿಪಿ

ಇವೆರಡನ್ನು ಒಟ್ಟಿಗೇ ಇಡುತ್ತೇನೆ, ಹುಟ್ಟಿದ್ದು ಒಂದೇ ಕಾಲಕ್ಕೆ, ಗುರಿಯೂ ಹೆಚ್ಚುಕಡಿಮೆ ಒಂದೇ: ದೂರದ ಯಂತ್ರದಲ್ಲಿರುವ ಮಾಹಿತಿಯನ್ನು ತೆರೆದು ಓದುವುದು. ಗೋಫರ್ 1991ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಮ್ಯಾಕಹಿಲ್ ತಂಡದಿಂದ ಬಂತು. ಎಚ್‌ಟಿಟಿಪಿ ಜಿನೀವಾದ ಸರ್ನ್‌ನಲ್ಲಿ ಟಿಮ್ ಬರ್ನರ್ಸ್-ಲೀ ಕೈಯಿಂದ.

ಎರಡೂ ಕೈಗೆ ಸಲೀಸು. ಗೋಫರ್‌ನಲ್ಲಿ ಪೋರ್ಟ್ 70ಕ್ಕೆ ಸಂಪರ್ಕ ಮಾಡಿ ಎಂಟರ್ ಒತ್ತಿದರೆ ಒಂದು ಪಟ್ಟಿ ಬರುತ್ತದೆ. ಪ್ರತಿ ಸಾಲಿನ ಮೊದಲ ಅಕ್ಷರ 0 ಆದರೆ ಪಠ್ಯ, 1 ಆದರೆ ಇನ್ನೊಂದು ಪಟ್ಟಿ, 7 ಆದರೆ ಹುಡುಕಾಟ. 1993ರ ದಾಖಲೆ 16 ಪುಟ. ಆ ಕಾಲದ ಎಚ್‌ಟಿಟಿಪಿ, ಈಗ 0.9 ಅಂತ ಕರೆಯುವುದು, ಅದಕ್ಕಿಂತಲೂ ಬೋಳು. ‘ಗೆಟ್’ ಮತ್ತು ದಾರಿ, ಅಷ್ಟೇ. ಹೆಡರ್ ಇಲ್ಲ, 404 ಇಲ್ಲ. ತಪ್ಪಾದರೆ ಸರ್ವರ್ ಮನುಷ್ಯರು ಓದುವ ಒಂದು ಪುಟ ಕಳಿಸುತ್ತಿತ್ತು, ತಪ್ಪಾಗಿದೆ ಅಂತ ಪ್ರೋಗ್ರಾಮ್‌ಗೆ ತಿಳಿಯುವ ದಾರಿಯೇ ಇರಲಿಲ್ಲ. ಯಾವ ಸೈಟ್ ಬೇಕು ಅಂತಲೂ ಹೇಳುವ ಹಾಗಿರಲಿಲ್ಲ, ಹಾಗಾಗಿ ಒಂದು ಐಪಿ ವಿಳಾಸಕ್ಕೆ ಒಂದೇ ಸೈಟ್. 1997ರಲ್ಲಿ ಎಚ್‌ಟಿಟಿಪಿ 1.1 ಬಂದು ‘ಹೋಸ್ಟ್’ ಸಾಲನ್ನು ಕಡ್ಡಾಯ ಮಾಡಿತು. ಒಂದೇ ಸರ್ವರ್‌ನಲ್ಲಿ ನೂರಾರು ಸೈಟ್ ಇಡುವ ಅಗ್ಗದ ಹೋಸ್ಟಿಂಗ್ ಸಲೀಸಾದದ್ದು ಆ ಒಂದು ಸಾಲಿನಿಂದ.

ಯಾವುದು ಒಳ್ಳೆಯದಿತ್ತು ಅಂದರೆ, ಅಚ್ಚುಕಟ್ಟಿನಲ್ಲಿ ಗೋಫರ್. ಗೆದ್ದದ್ದು ಎಚ್‌ಟಿಟಿಪಿ. 1993ರಲ್ಲಿ ಮಿನೆಸೋಟದವರು ವ್ಯಾಪಾರಕ್ಕೆ ಗೋಫರ್ ಸರ್ವರ್ ಬಳಸುವವರು ಲೈಸೆನ್ಸ್ ಶುಲ್ಕ ಕೊಡಬೇಕು ಅಂದರು. ಅದೇ ವರ್ಷ ಏಪ್ರಿಲ್ 30ರಂದು ಸರ್ನ್ ವೆಬ್‌ನ ಕೋಡನ್ನು ಯಾರು ಬೇಕಾದರೂ ಬಳಸಿ ಅಂತ ಬಿಟ್ಟುಕೊಟ್ಟಿತು. ಚಿತ್ರ ಬೇಕು ಅನ್ನುವ ಜನರ ಆಸೆಯೂ ವೆಬ್ ಕಡೆಗೇ ಎಳೆಯಿತು, ಆದರೆ ನನ್ನ ಮಟ್ಟಿಗೆ ಶುಲ್ಕದ ಸುದ್ದಿಯೇ ದೊಡ್ಡ ಪೆಟ್ಟು. ನಮ್ಮಲ್ಲಿ ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಜನರಿಗೆ ಇಂಟರ್ನೆಟ್ ಕೊಡಲು ಶುರು ಮಾಡಿದ್ದು 1995ರ ಆಗಸ್ಟ್ 15ರಂದು. ದುಬಾರಿ ಟಿಸಿಪಿ/ಐಪಿ ಖಾತೆಗೆ ದುಡ್ಡಿಲ್ಲದವರು ಶೆಲ್ ಖಾತೆ ತೆಗೆದುಕೊಂಡು ಲಿಂಕ್ಸ್ ಅನ್ನುವ ಅಕ್ಷರ ಮಾತ್ರದ ಬ್ರೌಸರ್‌ನಲ್ಲಿ ಓದುತ್ತಿದ್ದರು. ಆ ಲಿಂಕ್ಸ್ ಈಗಲೂ ಗೋಫರ್ ತೆರೆಯುತ್ತದೆ. ಟರ್ಮಿನಲ್‌ನ ಕರ್ಲ್ ಪ್ರೋಗ್ರಾಮ್ ಕೂಡ.

ಕೋಡ್ ಹೊಸದಾಗಿ ಕಲಿಯುತ್ತಿರುವವರು, ಪಿಯುಸಿ ಮಕ್ಕಳು, ಅವರಿಗೆ ಕಲಿಸುವ ಮೇಷ್ಟ್ರುಗಳು, ಇಲ್ಲಿಂದ ಶುರು ಮಾಡಿ. ವಾರಾಂತ್ಯದಲ್ಲಿ ಒಂದು ಗೋಫರ್ ಕ್ಲೈಂಟ್ ಮುಗಿಯುತ್ತದೆ. ಸಂದರ್ಶನದಲ್ಲಿ ಮಾತ್ರ ಇದಕ್ಕೆ ಯಾರೂ ಅಂಕ ಕೊಡುವುದಿಲ್ಲ.

ಟಿಎಫ್‌ಟಿಪಿ: ಪ್ರಾಜೆಕ್ಟ್ ಮಾಡುವವರಿಗೆ

ಮಿನಿ ಪ್ರಾಜೆಕ್ಟ್ ಹುಡುಕುತ್ತಿರುವವರು ಇದನ್ನು ತೆಗೆದುಕೊಳ್ಳಿ. ಹೆಸರು ಎಫ್‌ಟಿಪಿಯ ತಮ್ಮನ ಹಾಗಿದ್ದರೂ ಸಂಬಂಧ ಕಡಿಮೆ. ಯುಡಿಪಿ ಮೇಲೆ ಓಡುತ್ತದೆ, ಪೋರ್ಟ್ 69, ದಾಖಲೆ 11 ಪುಟ. ಫೈಲನ್ನು 512 ಬೈಟ್‌ನ ತುಂಡು ಮಾಡಿ ಒಂದು ಕಳಿಸು, ತಲುಪಿತು ಅನ್ನುವ ಉತ್ತರಕ್ಕೆ ಕಾಯಿ, ಇನ್ನೊಂದು ಕಳಿಸು. 512ಕ್ಕಿಂತ ಚಿಕ್ಕ ತುಂಡು ಬಂದರೆ ಫೈಲ್ ಮುಗಿಯಿತು. ಫೈಲಿನ ಗಾತ್ರ ಸರಿಯಾಗಿ 512ರ ಗುಣಕವಾಗಿದ್ದರೆ? ಕೊನೆಗೆ ಖಾಲಿ ತುಂಡೊಂದನ್ನು ಕಳಿಸಬೇಕು. ಇದನ್ನು ಮರೆತಿದ್ದರೆ ವೈವಾದಲ್ಲಿ ಸಿಕ್ಕಿಬೀಳುವುದು ಖಂಡಿತ. ತುಂಡಿನ ಸಂಖ್ಯೆಗೆ 16 ಬಿಟ್ ಮಾತ್ರ, ಹಾಗಾಗಿ ಮೂಲ ನಿಯಮದಲ್ಲಿ ಸುಮಾರು 32 ಎಂಬಿಗಿಂತ ದೊಡ್ಡ ಫೈಲ್ ಹೋಗುವುದಿಲ್ಲ.

ನನಗೆ ಇದು ಇಷ್ಟವಾಗುವುದು ಅದರ ಹಳೇ ದೋಷಕ್ಕೆ. 1981ರ ದಾಖಲೆಯ ಪ್ರಕಾರ ಯಾವುದೇ ಪ್ಯಾಕೆಟ್ ಎರಡನೇ ಸಲ ಬಂದರೆ ನೀನೂ ನಿನ್ನ ಹಿಂದಿನದನ್ನು ಇನ್ನೊಮ್ಮೆ ಕಳಿಸು. ಕೇಳಲು ನ್ಯಾಯವಾಗೇ ಇದೆ. ಆದರೆ ಒಂದು ಉತ್ತರ ಕಳೆದುಹೋಗದೆ ಬರೀ ತಡವಾಯಿತು ಅಂದುಕೊಳ್ಳಿ. ಕಳಿಸುವವನು ಕಾದು ಕಾದು ಅದೇ ತುಂಡನ್ನು ಮತ್ತೆ ಕಳಿಸುತ್ತಾನೆ. ಅಷ್ಟರಲ್ಲಿ ತಡವಾದ ಉತ್ತರವೂ ಬರುತ್ತದೆ, ಎರಡನೇ ಸಲ ಕಳಿಸಿದ ಅದೇ ತುಂಡಿಗೆ ಇನ್ನೊಂದು ಉತ್ತರವೂ ಬರುತ್ತದೆ. ಪ್ರತಿ ಉತ್ತರಕ್ಕೂ ಮುಂದಿನ ತುಂಡು ಹೋಗುತ್ತದೆ, ಅಲ್ಲಿಂದಾಚೆ ಫೈಲ್ ಮುಗಿಯುವವರೆಗೆ ಪ್ರತಿ ತುಂಡೂ ಎರಡೆರಡು ಸಲ. ಇದಕ್ಕೆ ‘ಮಂತ್ರವಾದಿಯ ಶಿಷ್ಯ’ ದೋಷ ಅಂತ ಹೆಸರಿಟ್ಟರು. ಪರಿಹಾರ ಒಂದೇ ಸಾಲು: ಉತ್ತರ ಎರಡನೇ ಸಲ ಬಂದರೆ ಸುಮ್ಮನಿರು, ಗಡುವು ಮೀರಿದಾಗ ಮಾತ್ರ ಮತ್ತೆ ಕಳಿಸು. 1992ರ ದಾಖಲೆಯಲ್ಲಿ ಇದು ಸರಿಯಾಯಿತು. ಎರಡೂ ನಿಯಮದಲ್ಲಿ ಕೋಡ್ ಬರೆದು, ಬೇಕಂತಲೇ ಉತ್ತರ ತಡ ಮಾಡಿಸಿ, ಓಡಾಡುವ ಪ್ಯಾಕೆಟ್‌ಗಳನ್ನು ಕಾಣಿಸುವ ವೈರ್‌ಶಾರ್ಕ್‌ನಲ್ಲಿ ಪಕ್ಕಪಕ್ಕ ತೋರಿಸಿ. ಸ್ಲೈಡ್‌ಗಳು ಬೇಕಾಗುವುದೇ ಇಲ್ಲ.

ಬದುಕಿಯೂ ಇದೆ. ಡಿಸ್ಕ್ ಇಲ್ಲದೆ ನೆಟ್‌ವರ್ಕ್‌ನಿಂದಲೇ ಕಂಪ್ಯೂಟರ್ ಬೂಟ್ ಮಾಡುವ ಪಿಎಕ್ಸ್‌ಇ ಇದನ್ನೇ ಬಳಸುತ್ತದೆ. ಕೆಟ್ಟುಕೂತ ರೂಟರ್‌ಗೆ ಹೊಸ ಫರ್ಮ್‌ವೇರ್ ತುಂಬಲು ಎಷ್ಟೋ ಮಾಡೆಲ್‌ಗಳಲ್ಲಿ ಇದೇ ದಾರಿ. ದುಡ್ಡಿನ ಮಾತು ಅಂದೆನಲ್ಲ, ಅದು ಇಲ್ಲೇ. ಬೆಂಗಳೂರಿನವರು ಎಸ್‌ಪಿ ರೋಡ್‌ಗೆ ಹೋಗಿ ಒಂದು ಸೆಕೆಂಡ್ ಹ್ಯಾಂಡ್ ರೂಟರ್ ತನ್ನಿ, ಬೇರೆ ಊರಿನವರು ಮನೆಯ ಅಟ್ಟದ ಮೇಲೆ ಹುಡುಕಿ. ತರುವ ಮುಂಚೆ ಆ ಮಾಡೆಲ್‌ಗೆ ಓಪನ್‌ಡಬ್ಲ್ಯೂಆರ್‌ಟಿ ಅನ್ನುವ ಮುಕ್ತ ಫರ್ಮ್‌ವೇರ್‌ನ ಬೆಂಬಲ ಇದೆಯಾ, ಟಿಎಫ್‌ಟಿಪಿಯಿಂದ ತುಂಬಲು ಬರುತ್ತದಾ ಅಂತ ನೋಡಿಕೊಳ್ಳಿ. ನೀವೇ ಬರೆದ ಸರ್ವರ್‌ನಿಂದ ನಿಜವಾದ ಸಾಧನ ಎದ್ದು ನಿಂತರೆ ಅದಕ್ಕಿಂತ ಡೆಮೋ ಬೇಕಾ?

ಟಿಸಿಪಿ ಬೇಕೇ ಬೇಕು ಅನ್ನುವವರಿಗೆ

ಬೇಡ ಅಂತಲ್ಲ, ಮೊದಲಿಗೆ ಬೇಡ ಅಷ್ಟೇ. ಟಿಸಿಪಿಯನ್ನು ಕೈಯಲ್ಲಿ ಮಾತಾಡಿಸಲು ಬರುವುದಿಲ್ಲ, ಕೆಲಸವೆಲ್ಲ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಒಳಗೆ ನಡೆಯುತ್ತದೆ. ನೀವು ಇಣುಕಿ ನೋಡಬಹುದು. ಒಂದು ಸೆಮಿಸ್ಟರ್ ಬಿಡುವಿದ್ದರೆ ಧಾರಾಳವಾಗಿ ಹಿಡಿಯಿರಿ.

1974ರ ಮೇ ತಿಂಗಳ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಅವರ ಲೇಖನದಲ್ಲಿ ಟಿಸಿಪಿ, ಐಪಿ ಬೇರೆ ಬೇರೆ ಇರಲಿಲ್ಲ. 1978ರಲ್ಲಿ ಸೀಳಿದರು. ಧ್ವನಿ ಕಳಿಸುವವರಿಗೆ ಒಂದು ತುಣುಕು ಕಳೆದುಹೋದರೆ ಪರವಾಗಿಲ್ಲ, ತಡವಾಗಬಾರದು. ಫೈಲ್ ಕಳಿಸುವವರಿಗೆ ತಡವಾದರೂ ಆಗಲಿ, ಕಳೆಯಬಾರದು. ಒಂದೇ ಪ್ರೋಟೋಕಾಲ್ ಇಬ್ಬರಿಗೂ ಒಗ್ಗಲಿಲ್ಲ. 1983ರ ಜನವರಿ 1ರಂದು ಅರ್ಪಾನೆಟ್ ಎನ್‌ಸಿಪಿ ಬಿಟ್ಟು ಟಿಸಿಪಿಗೆ ಬಂತು.

ಓದಲೇಬೇಕಾದ ಘಟ್ಟ 1986ರ ಅಕ್ಟೋಬರ್‌ನದು. ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯಕ್ಕೂ ಬರ್ಕ್‌ಲಿ ವಿಶ್ವವಿದ್ಯಾಲಯಕ್ಕೂ ನಡುವೆ ಬರೀ 400 ಗಜ. ಆ ದಾರಿಯಲ್ಲಿ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಪ್ಯಾಕೆಟ್ ಕಳೆದಷ್ಟೂ ಎಲ್ಲರೂ ಮತ್ತೆ ಮತ್ತೆ ಕಳಿಸುತ್ತಿದ್ದರು, ದಟ್ಟಣೆ ಇನ್ನೂ ಜಾಸ್ತಿಯಾಗುತ್ತಿತ್ತು. ವ್ಯಾನ್ ಜೇಕಬ್ಸನ್ 1988ರಲ್ಲಿ ಪರಿಹಾರ ಬರೆದರು: ನಿಧಾನಕ್ಕೆ ಶುರು ಮಾಡು, ಪ್ಯಾಕೆಟ್ ಕಳೆದರೆ ವೇಗ ಇಳಿಸು. ಇದು 1981ರ ಆ 85 ಪುಟದಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಸೆಮಿನಾರ್‌ಗೆ ಇಡೀ ಟಿಸಿಪಿ ಹಿಡಿಯಬೇಡಿ, ಈ ಒಂದು ಘಟ್ಟ ಹಿಡಿಯಿರಿ. ಲಿನಕ್ಸ್‌ನಲ್ಲಿ ಬೇಕಂತಲೇ ಪ್ಯಾಕೆಟ್ ಕಳೆಸುವ ನೆಟ್‌ಎಮ್ ಇದೆ, ವೇಗ ಹೇಗೆ ಬೀಳುತ್ತದೆ ಅಂತ ಗ್ರಾಫ್ ಹಾಕಿ ತೋರಿಸಬಹುದು.

ಸೋತವರ ಸಾಲು

ಟಿಸಿಪಿ/ಐಪಿಯ ಎದುರು ಸೋತ ಬೇರೆ ನೆಟ್‌ವರ್ಕ್ ಪದ್ಧತಿಗಳಿವು: ಎಕ್ಸ್.25, ಓಎಸ್‌ಐ, ಯುಯುಸಿಪಿ. ಇವುಗಳನ್ನು ಮೊದಲ ಆಯ್ಕೆ ಅಂತ ಯಾರಿಗೂ ಹೇಳುವುದಿಲ್ಲ, ಪ್ರಯೋಗಕ್ಕೆ ದಾರಿ ಕಡಿಮೆ. ಆದರೆ ಭಾರತದ ಕತೆ ಬೇಕು ಅನ್ನುವವರು ಇಲ್ಲಿಗೇ ಬರಬೇಕು. 1986ರಲ್ಲಿ ಶುರುವಾದ ಶಿಕ್ಷಣ-ಸಂಶೋಧನೆಯ ನೆಟ್‌ವರ್ಕ್ ಅರ್ನೆಟ್‌ನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐಐಟಿ, ಮುಂಬೈಯ ಎನ್‌ಸಿಎಸ್‌ಟಿ, ದೆಹಲಿಯ ಎಲೆಕ್ಟ್ರಾನಿಕ್ಸ್ ಇಲಾಖೆ ಇದ್ದವು. ಮೊದಮೊದಲು ಮೇಲ್ ಓಡಾಡಿದ್ದು ಡಯಲ್ ಮಾಡಿದ ಫೋನ್ ಲೈನಿನ ಮೇಲೆ, ಯುಯುಸಿಪಿಯಲ್ಲಿ. ಒಂದು ಯಂತ್ರ ಇನ್ನೊಂದಕ್ಕೆ ಫೋನ್ ಮಾಡಿ ಇರುವ ಮೇಲ್ ಎಲ್ಲ ದಾಟಿಸಿ ಇಟ್ಟುಬಿಡುವ ಏರ್ಪಾಡು. ವಿಳಾಸದಲ್ಲಿ ಯಾವ ಯಂತ್ರದಿಂದ ಯಾವ ಯಂತ್ರಕ್ಕೆ ಅಂತ ಇಡೀ ದಾರಿಯನ್ನೇ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಬರೆಯಬೇಕಿತ್ತು. ಲೀಸ್ ಲೈನ್ ಬಂದ ಮೇಲೆ ಅರ್ನೆಟ್ ಟಿಸಿಪಿ/ಐಪಿ ಮತ್ತು ಓಎಸ್‌ಐ ಎರಡನ್ನೂ ಓಡಿಸಿತು, ಯಾರು ಗೆಲ್ಲುತ್ತಾರೋ ಆಗ ಯಾರಿಗೂ ಗೊತ್ತಿರಲಿಲ್ಲ. 1995ರ ಹೊತ್ತಿಗೆ ದಟ್ಟಣೆಯೆಲ್ಲ ಟಿಸಿಪಿ/ಐಪಿ ಕಡೆಗೆ ವಾಲಿತ್ತು.

ಓಎಸ್‌ಐ ಏಳು ಪದರ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೀರಿ ತಾನೇ, ಅಷ್ಟು ಸಾಕು. ಅದು ಪೂರ್ತಿ ಸತ್ತಿಲ್ಲ, ತುಂಡು ತುಂಡಾಗಿ ಬದುಕಿದೆ. ದೊಡ್ಡ ಐಎಸ್‌ಪಿಗಳ ಒಳಗೆ ದಾರಿ ತೋರಿಸುವ ಐಎಸ್-ಐಎಸ್ ಅದರ ಮನೆಯದ್ದು. ನಿಮ್ಮ ಬ್ರೌಸರ್‌ನ ಬೀಗದ ಚಿಹ್ನೆಯ ಹಿಂದಿರುವ ಎಕ್ಸ್.509 ಪ್ರಮಾಣಪತ್ರವೂ ಆ ಬಳಗದಿಂದಲೇ ಬಂದದ್ದು. ನೆಟ್‌ವರ್ಕ್ ಇಂಜಿನಿಯರ್ ಆಗಬೇಕು ಅಂತಿರುವವರು ಏಳು ಪದರ ಬಿಟ್ಟು ಐಎಸ್-ಐಎಸ್ ಒಂದನ್ನು ಓದಿಕೊಂಡರೆ ಸಂಬಳಕ್ಕೂ ಉಪಯೋಗ.

ಯಾವುದನ್ನು ಆರಿಸಿದರೂ, ಅದನ್ನು ಬೇರೆ ಆರ್‌ಎಫ್‌ಸಿ ರದ್ದು ಮಾಡಿದ್ದರೆ ಅದರ ಸಂಖ್ಯೆ ದಾಖಲೆಯ ವೆಬ್ ಪುಟದ ಮೇಲ್ಗಡೆ ಇರುತ್ತದೆ, ನೋಡಿ. ಕತೆಗಾಗಿ ಓದುವವರು ಹಳೆಯದನ್ನೇ ಓದಿ. ಕೋಡ್ ಬರೆಯುವವರು ಕೊನೆಯದನ್ನು ಹಿಡಿಯಿರಿ, ಟಿಸಿಪಿಗಾದರೆ ಅದು 2022ರ ಆರ್‌ಎಫ್‌ಸಿ 9293. ಬಿಡುವಿದ್ದರೆ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಏನೇನು ಬದಲಾಗಿದೆ ಅಂತ ಗುರುತು ಹಾಕಿ, ಸೆಮಿನಾರ್‌ನ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.